ಮನೆಯಲ್ಲೇ ಮಾಡುವ ಸೋಲ್ಡರಿಂಗ್ ಐರನ್: ಬಿಸಿ ಎಲ್ಲಿ ನಿಲ್ಲಬೇಕು?

ಸೋಲ್ಡರಿಂಗ್ ಐರನ್ನಿನ ಕೈಭಾಗವೆಂದರೆ ಬಿಟ್, ಅದನ್ನು ಕಾಯಿಸುವ ಕಾಯಿಲ್, ಎರಡನ್ನೂ ಹೊತ್ತ ಕೊಳವೆ, ಹಿಡಿಕೆ, ವೈರು ಇಷ್ಟೂ ಸೇರಿದ ಸಾಧನ. ಇದು ಮೂರು ಕೆಲಸಗಳನ್ನು ಒಟ್ಟಿಗೆ ಮಾಡಬೇಕು. ತುದಿಯ ತಾಮ್ರವನ್ನು 300 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಇಟ್ಟಿರಬೇಕು. ಅಲ್ಲಿಂದ ಗೇಣುದ್ದವೂ ಇಲ್ಲದ ದೂರದಲ್ಲಿರುವ ಬೆರಳಿಗೆ ಆ ಬಿಸಿ ತಟ್ಟದಂತೆ ನೋಡಿಕೊಳ್ಳಬೇಕು. ಕರೆಂಟು ಕಾಯಿಲನ್ನು ಬಿಟ್ಟು ಆಚೀಚೆ ಹೋಗದಂತೆ ತಡೆಯಬೇಕು. ಕಾಯಿಸುವುದು ಸುಲಭ, ನಿಕ್ರೋಮ್ ತಂತಿಗೆ ಕರೆಂಟು ಕೊಟ್ಟರೆ ಅದು ಕಾಯುತ್ತದೆ. ಮನೆಯಲ್ಲಿ ಮಾಡಿದ ಐರನ್ ಕೈಗೆ ಹೊಂದುತ್ತದೋ, ನಾಲ್ಕು ದಿನಕ್ಕೆ ಮೂಲೆ ಸೇರುತ್ತದೋ ಎಂಬುದು ಉಳಿದ ಎರಡು ಕೆಲಸಗಳ ಮೇಲೆ ನಿಂತಿದೆ.

ಸೋಲ್ಡ್ರಾನ್‌ನಂಥ 25 ವಾಟಿನ ಐರನ್ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ದುಬಾರಿಯಲ್ಲದ ಬೆಲೆಗೆ ಸಿಗುತ್ತದೆ, ಚೆನ್ನಾಗಿಯೂ ಇರುತ್ತದೆ. ಆದರೆ ಅದಕ್ಕೆ 230 ವೋಲ್ಟಿನ ಪ್ಲಗ್ಗು ಬೇಕು. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಬೆಸುಗೆಯ ಕೆಲಸ ಹೆಚ್ಚಾಗಿ ಹುಟ್ಟುವುದು ಪ್ಲಗ್ಗಿಲ್ಲದ ಜಾಗದಲ್ಲಿ. ತೆಂಗಿನ ತೋಟದ ಕೊಳವೆಬಾವಿಯ ಪಕ್ಕ, ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯ ಮುಂದೆ, ಹೊಲದ ಬದುವಿನ ಸೋಲಾರ್ ಬೇಲಿಯ ಬಳಿ, ದಾರಿಯಲ್ಲಿ ನಿಂತುಹೋದ ಟ್ರ್ಯಾಕ್ಟರಿನ ಲೈಟಿನ ಹತ್ತಿರ. ತೋಟಕ್ಕೆ ತ್ರೀ ಫೇಸ್ ಕರೆಂಟು ಬರುವ ಹೊತ್ತೂ ರಿಪೇರಿಯ ಹೊತ್ತೂ ಒಂದೇ ಆಗಿರುವುದು ಅಪರೂಪ. ತರೀಕೆರೆಯ ಪಶ್ಚಿಮದ ಮಲೆನಾಡಿನ ಅಂಚಿನಲ್ಲಿ ಮಳೆಗಾಲಕ್ಕೆ ಮರ ಬಿದ್ದು ಲೈನು ಹೋದರೆ ಊರಿಗೂ ಕರೆಂಟಿರುವುದಿಲ್ಲ. ಇಂಥ ಕಡೆ ಬೇಕಾದದ್ದು 12 ವೋಲ್ಟಿನ ಐರನ್. ಟ್ರ್ಯಾಕ್ಟರಿನಲ್ಲಿ, ಮನೆಯ ಇನ್ವರ್ಟರಿನಲ್ಲಿ, ಹಳೆಯ ಯುಪಿಎಸ್ಸಿನಲ್ಲಿ ಇರುವುದು 12 ವೋಲ್ಟಿನ ಬ್ಯಾಟರಿಯೇ. ಮನೆಯ ಮೇಜಿನ ಮೇಲಾದರೆ 12 ವೋಲ್ಟ್, 3 ಆಂಪಿಯರಿನ ಟ್ರಾನ್ಸ್‌ಫಾರ್ಮರಿನಿಂದಲೂ ಇದನ್ನು ನಡೆಸಬಹುದು.

12 ವೋಲ್ಟನ್ನೇ ಆರಿಸಿಕೊಳ್ಳಲು ಇನ್ನೂ ದೊಡ್ಡ ಕಾರಣವಿದೆ. 230 ವೋಲ್ಟಿಗೆ 25 ವಾಟಿನ ಕಾಯಿಲ್ ಮಾಡಬೇಕಾದರೆ ಅದರ ಪ್ರತಿರೋಧ ಸುಮಾರು 2,116 ಓಮ್ ಆಗಬೇಕು. 0.05 ಮಿ.ಮೀ. ದಪ್ಪದ, ಕೂದಲಿಗಿಂತ ತೆಳುವಾದ ನಿಕ್ರೋಮ್ ತಂತಿಯನ್ನೇ ತಂದರೂ ನಾಲ್ಕು ಮೀಟರಿನ ಹತ್ತಿರ ಸುತ್ತಬೇಕು. ಒಂದು ಸುತ್ತು ಇನ್ನೊಂದಕ್ಕೆ ತಾಗಿದರೆ ಕಾಯಿಲ್ ಸುಟ್ಟಿತು. ಕೊಳವೆಗೆ ತಾಗಿದರೆ ಐರನ್ ಹಿಡಿದವರ ಕೈಗೇ ಫೇಸ್ ಬಂತು. ಮನೆಯಲ್ಲಿ ಕೈಯಿಂದ ಸುತ್ತಿದ ಕಾಯಿಲಿಗೆ ಮೇನ್ಸ್ ಕರೆಂಟು ಕೊಡುವುದು ಬೇಡವೇ ಬೇಡ. 12 ವೋಲ್ಟಿನಲ್ಲಿ ಅದೇ 25 ವಾಟಿಗೆ 5.76 ಓಮ್ ಸಾಕು, ಹರಿಯುವುದು 2 ಆಂಪಿಯರಿಗಿಂತ ತುಸು ಹೆಚ್ಚು. ತಂತಿ ದಪ್ಪಗಿರುತ್ತದೆ, ಕಣ್ಣಿಗೆ ಕಾಣುತ್ತದೆ, ಬೆರಳ ಮಾತು ಕೇಳುತ್ತದೆ. ತಪ್ಪಾಗಿ ಕೊಳವೆಗೆ ತಾಗಿದರೂ ಫ್ಯೂಸು ಹೋಗುತ್ತದೆಯೇ ಹೊರತು ಜೀವ ಹೋಗುವುದಿಲ್ಲ.

ಮೊದಲು ಯೋಚಿಸಬೇಕಾದದ್ದು ಕೊಳವೆಯ ಬಗ್ಗೆ, ಏಕೆಂದರೆ ಬಿಸಿ ಕೈಗೆ ಬರುವುದು ಅದರ ಮೂಲಕ. 6 ಮಿ.ಮೀ. ದಪ್ಪದ, ಅರ್ಧ ಮಿ.ಮೀ. ಗೋಡೆಯ ಕೊಳವೆಯೊಂದರ ಮುಂತುದಿ 300 ಡಿಗ್ರಿಯಲ್ಲಿದ್ದು, 5 ಸೆಂ.ಮೀ. ಹಿಂದೆ ಹಿಡಿಕೆಯ ಬಾಯಿ 40 ಡಿಗ್ರಿಯಲ್ಲಿದೆ ಎಂದಿಟ್ಟುಕೊಳ್ಳೋಣ. ಕೊಳವೆ ತಾಮ್ರದ್ದಾದರೆ ಅದು ಹಿಂದಕ್ಕೆ ಎಳೆಯುವ ಬಿಸಿ ಸುಮಾರು 18 ವಾಟ್. 25 ವಾಟಿನ ಕಾಯಿಲಿನಲ್ಲಿ ಮುಕ್ಕಾಲು ಪಾಲಿನ ಹತ್ತಿರ ಅಲ್ಲಿಗೇ ಹೋಯಿತು. ಹಿತ್ತಾಳೆಯಾದರೆ 5 ವಾಟ್, ಸಾದಾ ಕಬ್ಬಿಣವಾದರೆ 2 ವಾಟ್, ಸ್ಟೇನ್‌ಲೆಸ್ ಸ್ಟೀಲ್ ಆದರೆ ಮುಕ್ಕಾಲು ವಾಟಿಗೂ ಕಡಿಮೆ. ಉದ್ದ, ದಪ್ಪ, ಆಕಾರ ಎಲ್ಲ ಒಂದೇ. ಲೋಹ ಬದಲಾದದ್ದಕ್ಕೆ ಇಷ್ಟು ಅಂತರ. ತಾಮ್ರ ಬಿಟ್‌ಗೆ ಮಾತ್ರ, ಕೊಳವೆಗೆ ಸ್ಟೇನ್‌ಲೆಸ್ ಸ್ಟೀಲ್ ಮಾತ್ರ. ಇಷ್ಟನ್ನು ಪಾಲಿಸಿದರೆ ಅರ್ಧ ಐರನ್ ಸರಿಯಾದಂತೆ.

ಇಂಥ ಕೊಳವೆ ಹುಡುಕಲು ದೂರ ಹೋಗಬೇಕಿಲ್ಲ. ಎಳನೀರು, ಜ್ಯೂಸು ಕುಡಿಯಲು ಈಗ ಬಂದಿರುವ ಸ್ಟೀಲ್ ಸ್ಟ್ರಾ 6 ಮಿ.ಮೀ. ದಪ್ಪದಲ್ಲಿ ಪಾತ್ರೆ ಅಂಗಡಿಯಲ್ಲೂ ಸಿಗುತ್ತದೆ; ಅದರ ಒಳಅಳತೆ ಸುಮಾರು 5 ಮಿ.ಮೀ. ಹಳೆಯ ರೇಡಿಯೊದ ಏರಿಯಲ್ ಕಡ್ಡಿ ಬೆಳ್ಳಗೆ ಹೊಳೆಯುವುದರಿಂದ ಸ್ಟೀಲ್ ಎನಿಸುತ್ತದೆ. ಅದು ಸಾಮಾನ್ಯವಾಗಿ ಕ್ರೋಮ್ ಲೇಪಿಸಿದ ಹಿತ್ತಾಳೆ. ಅಯಸ್ಕಾಂತದಿಂದ ಇದು ಗೊತ್ತಾಗುವುದಿಲ್ಲ, ಏಕೆಂದರೆ ಹಿತ್ತಾಳೆಯೂ ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲೂ ಎರಡೂ ಅಂಟುವುದಿಲ್ಲ. ಅರದಿಂದ ಒಂದು ಗೀರು ಎಳೆದು ನೋಡಬೇಕು. ಹಳದಿ ಕಂಡರೆ ಬಿಡಬೇಕು.

ಸ್ಟ್ರಾವನ್ನು 12 ಸೆಂ.ಮೀ. ಉದ್ದಕ್ಕೆ ಗರಗಸದಿಂದ ಕತ್ತರಿಸಿ, ಎರಡೂ ಬಾಯಿಯ ಅಂಚನ್ನು ಉಜ್ಜಿ ನಯ ಮಾಡಬೇಕು. ಮುಂದಿನ 3 ಸೆಂ.ಮೀ. ಕಾಯಿಲಿಗೆ, ನಡುವಿನ 5 ಸೆಂ.ಮೀ. ಬಿಸಿ ಆರುವುದಕ್ಕೆ, ಹಿಂದಿನ 4 ಸೆಂ.ಮೀ. ಹಿಡಿಕೆಯೊಳಗೆ. ನಡುವಿನ ಭಾಗವನ್ನು ಕಿರಿದು ಮಾಡಿದರೆ ಐರನ್ ಮೋಟಾಗಿ, ಕೈ ಕೆಲಸಕ್ಕೆ ಹತ್ತಿರವಾಗಿ, ತುದಿ ಅಲುಗಾಡುವುದು ಕಡಿಮೆಯಾಗುತ್ತದೆ. ಆದರೆ ಹಿಡಿಕೆ ಬಿಸಿಯಾಗುತ್ತದೆ. ಮನೆಯಲ್ಲಿ ಮಾಡುವ ಐರನ್ನಿಗೆ 5 ಸೆಂ.ಮೀ. ಹದವಾದ ಅಳತೆ.

ಇನ್ನು ಕಾಯಿಲ್. ನಿಕ್ರೋಮ್ ಎಂದರೆ ನಿಕಲ್ ಮತ್ತು ಕ್ರೋಮಿಯಂ ಬೆರೆತ ಲೋಹ. ಸಾವಿರ ಡಿಗ್ರಿಯಲ್ಲೂ ಬೇಗ ತುಕ್ಕು ತಿನ್ನದ ಗುಣ ಅದಕ್ಕಿದೆ. 30 ಗೇಜಿನ ತಂತಿಯ ದಪ್ಪ 0.315 ಮಿ.ಮೀ., ಒಂದು ಮೀಟರಿಗೆ ಸುಮಾರು 14 ಓಮ್. 5.76 ಓಮ್ ಬರಲು 41 ಸೆಂ.ಮೀ. ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಗೇಜು ಹೇಳಿ ಕೊಳ್ಳಬಹುದು. ಈ ಮೂರು ಊರುಗಳಿಗೂ ರೈಲಿದೆ, ಕಡೂರು ಮತ್ತು ಅಜ್ಜಂಪುರ ಬೆಂಗಳೂರು–ಹುಬ್ಬಳ್ಳಿ ದಾರಿಯಲ್ಲಿ, ತರೀಕೆರೆ ಬೀರೂರಿನಿಂದ ಶಿವಮೊಗ್ಗಕ್ಕೆ ಕವಲೊಡೆದ ದಾರಿಯಲ್ಲಿ. ಅಷ್ಟು ದೂರ ಬೇಡವೆಂದರೆ ಕರೆಂಟ್ ಒಲೆಯ 1,000 ವಾಟಿನ ಕಾಯಿಲ್ ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಸಿಗುತ್ತದೆ. ಅದರ ಪೂರ್ತಿ ಪ್ರತಿರೋಧ ಸುಮಾರು 53 ಓಮ್. ಒಟ್ಟು ಸುತ್ತುಗಳನ್ನು ಎಣಿಸಿ ಒಂಬತ್ತರಲ್ಲಿ ಒಂದು ಪಾಲು ಕತ್ತರಿಸಿದರೆ ಬೇಕಾದ ಪ್ರತಿರೋಧದ ಹತ್ತಿರ ಬರುತ್ತದೆ. ಈ ತಂತಿ ದಪ್ಪ, ಹಾಗಾಗಿ ಉದ್ದವೂ ಹೆಚ್ಚು, 3 ಸೆಂ.ಮೀ. ಜಾಗದಲ್ಲಿ ಒಂದೇ ಪದರಕ್ಕೆ ಹಿಡಿಸುವುದಿಲ್ಲ. ಅಭ್ರಕ ಹಾಕಿ ಎರಡನೆಯ ಪದರ ಸುತ್ತಬೇಕಾಗುತ್ತದೆ. ಸಣ್ಣ ಐರನ್ನಿಗೆ 30 ಗೇಜೇ ಮೇಲು.

ಇಷ್ಟು ಕಡಿಮೆ ಓಮ್ ಅಳೆಯುವಾಗ ಮಲ್ಟಿಮೀಟರ್ ಮೋಸ ಮಾಡುತ್ತದೆ. ಎರಡೂ ಪ್ರೋಬ್ ತುದಿಗಳನ್ನು ಒಂದಕ್ಕೊಂದು ಒತ್ತಿ ಹಿಡಿದರೆ ಪರದೆಯಲ್ಲಿ 0.2 ಅಥವಾ 0.4 ಓಮ್ ಕಾಣಿಸುತ್ತದೆ. ಅದು ಮೀಟರಿನ ವೈರುಗಳದೇ ಪ್ರತಿರೋಧ. ತಂತಿ ಅಳೆದಾಗ ಬಂದ ಅಂಕಿಯಿಂದ ಅದನ್ನು ಕಳೆಯಬೇಕು. ಅಳತೆಗೆ ಸರಿಯಾಗಿ ತಂತಿ ಕತ್ತರಿಸುವ ಬದಲು, ಬೇಕಾದ ಜಾಗಕ್ಕೆ ಗುರುತು ಹಾಕಿ, ಎರಡೂ ಕಡೆ 20 ಸೆಂ.ಮೀ.ಯಷ್ಟು ಹೆಚ್ಚು ತಂತಿ ಬಿಟ್ಟು ಕತ್ತರಿಸುವುದು ಸರಿ. ಆ ಹೆಚ್ಚಿನ ತಂತಿಗೆ ಮುಂದೆ ಕೆಲಸವಿದೆ.

ಕೊಳವೆ ಮತ್ತು ಕಾಯಿಲಿನ ನಡುವೆ ಅಭ್ರಕ ಇರಬೇಕು. ಕೆಟ್ಟುಹೋದ ಹಳೆಯ ಇಸ್ತ್ರಿಪೆಟ್ಟಿಗೆ ಬಿಚ್ಚಿದರೆ ಒಳಗಿನ ಎಲಿಮೆಂಟಿನ ಎರಡೂ ಮಗ್ಗುಲಿಗೆ ಅಭ್ರಕದ ಹಾಳೆಗಳಿರುತ್ತವೆ. ಉಗುರಿನಿಂದ ಸೀಳಿದರೆ ಅದು ಪದರ ಪದರವಾಗಿ ಬಿಡುತ್ತದೆ. ತೆಳುವಾದ ಪದರ ಮುರಿಯದೆ ಕೊಳವೆಯ ಸುತ್ತ ಬಾಗುತ್ತದೆ. ಎರಡು ಸುತ್ತು ಬರುವಷ್ಟು ಹಾಕಿ, ದಾರದಿಂದ ತಾತ್ಕಾಲಿಕವಾಗಿ ಕಟ್ಟಿ, ಅದರ ಮೇಲೆ ನಿಕ್ರೋಮ್ ಸುತ್ತಬೇಕು. 41 ಸೆಂ.ಮೀ. ತಂತಿಗೆ ಸುಮಾರು 19 ಸುತ್ತು ಬರುತ್ತದೆ. ಸುತ್ತು ಸುತ್ತಿನ ನಡುವೆ ಒಂದು ಮಿ.ಮೀ. ಬಿಡುವು ಇರಲಿ. ತಂತಿಯನ್ನು ಸದಾ ಬಿಗಿಯಾಗಿ ಎಳೆದು ಹಿಡಿದೇ ಸುತ್ತಬೇಕು, ಕೈ ಸಡಿಲಿಸಿದರೆ ಅದು ಸ್ಪ್ರಿಂಗಿನಂತೆ ಬಿಚ್ಚಿಕೊಳ್ಳುತ್ತದೆ. ಸುತ್ತಿದ ಮೇಲೆ ಮತ್ತೆ ಎರಡು ಪದರ ಅಭ್ರಕ, ಅದರ ಮೇಲೆ ತೆಳು ಸ್ಟೀಲ್ ತಂತಿಯ ಎರಡು ಕಟ್ಟು. ಹಳೆಯ ಮನೆಗಳ ಅಟ್ಟದಲ್ಲಿ ಕಲ್ನಾರಿನ ಹಗ್ಗ, ಕಲ್ನಾರಿನ ಹಾಳೆ ಸಿಕ್ಕಬಹುದು. ಬಿಸಿ ತಡೆಯುವುದರಲ್ಲಿ ಅದು ಗಟ್ಟಿಯೇ, ಆದರೆ ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ. ಅದನ್ನು ಮುಟ್ಟಲೇಬಾರದು.

ಮನೆಯಲ್ಲಿ ಮಾಡಿದ ಐರನ್‌ಗಳು ಹೆಚ್ಚಾಗಿ ಕೆಡುವುದು ನಿಕ್ರೋಮ್ ತುದಿಗೆ ತಾಮ್ರದ ವೈರು ಸೇರುವ ಜಾಗದಲ್ಲಿ. ಅಲ್ಲಿ ಬೆಸುಗೆ ಹಾಕುವಂತಿಲ್ಲ. ನಿಕ್ರೋಮಿಗೆ ಸೋಲ್ಡರಿನ ಸೀಸ ಸರಿಯಾಗಿ ಅಂಟುವುದಿಲ್ಲ, ಅಂಟಿದರೂ ಐರನ್ ಕಾದಾಗ ಅದೇ ಕರಗಿ ಬಿಡುತ್ತದೆ. ಆಗಲೇ ಬಿಟ್ಟುಕೊಂಡ ಹೆಚ್ಚಿನ ತಂತಿ ಇಲ್ಲಿ ಬೇಕಾಗುವುದು. ಅದನ್ನು ಮಡಿಸಿ ತಂದು ತನ್ನ ಮೇಲೇ ಎರಡು ಎಳೆಯಾಗಿ ಹೊಸೆಯಬೇಕು. ಹೊಸೆದ ಭಾಗದ ಪ್ರತಿರೋಧ ಅರ್ಧಕ್ಕಿಳಿಯುವುದರಿಂದ ಅದು ಕಾಯಿಲಿನಷ್ಟು ಕಾಯುವುದಿಲ್ಲ. ಹೊಸೆದ ಎರಡೂ ಕಾಲುಗಳಿಗೆ ವಾರ್ನಿಷ್ ಇಲ್ಲದ ಫೈಬರ್‌ಗ್ಲಾಸ್ ಸ್ಲೀವ್ ತೊಡಿಸಿ ಕೊಳವೆಯ ಗುಂಟ ಹಿಡಿಕೆಯೊಳಕ್ಕೆ ತರಬೇಕು. ಮೋಟರ್ ರೀವೈಂಡಿಂಗ್ ಅಂಗಡಿಯಲ್ಲಿ ಸಿಗುವ ಬಣ್ಣದ ಸ್ಲೀವಿಗೆ ವಾರ್ನಿಷ್ ಬಳಿದಿರುತ್ತದೆ. 130 ಅಥವಾ 155 ಡಿಗ್ರಿ ಅದರ ಮಿತಿ. ಹಿಡಿಕೆಯ ಒಳಗೆ ಅದು ಸರಿ, ಕಾಯಿಲಿನ ಪಕ್ಕದಲ್ಲಿ ಹೊಗೆಯಾಡುತ್ತದೆ. ಹಿಡಿಕೆಯೊಳಗೆ ತಾಮ್ರದ ವೈರಿಗೂ ನಿಕ್ರೋಮಿಗೂ ಗಂಟು ಹಾಕಲು ಪ್ಲಾಸ್ಟಿಕ್ ಸ್ಟ್ರಿಪ್ ಕನೆಕ್ಟರಿನ ಒಳಗಿನ ಹಿತ್ತಾಳೆಯ ತುಂಡುಗಳು ಹೇಳಿ ಮಾಡಿಸಿದಂತಿರುತ್ತವೆ. ಪ್ಲಾಸ್ಟಿಕ್ ತೆಗೆದುಹಾಕಿ, ಒಂದೊಂದು ಕಾಲಿಗೆ ಒಂದೊಂದು ತುಂಡು, ಎರಡೆರಡು ಸ್ಕ್ರೂ ಬಿಗಿದು ಮೇಲೆ ಸ್ಲೀವ್ ಎಳೆದರೆ ಆಯಿತು. ಒಂದು ತುಂಡು ಮುಂದೆ, ಇನ್ನೊಂದು ಎರಡು ಸೆಂ.ಮೀ. ಹಿಂದೆ ಇದ್ದರೆ ಸ್ಲೀವ್ ಜಾರಿದರೂ ಒಂದಕ್ಕೊಂದು ತಾಗುವುದಿಲ್ಲ.

ಬಿಟ್‌ಗೆ 6 ಗೇಜಿನ ಬರಿ ತಾಮ್ರದ ತಂತಿ ತಕ್ಕದ್ದು. ಅದರ ದಪ್ಪ 4.88 ಮಿ.ಮೀ., 5 ಮಿ.ಮೀ. ಬಾಯಿಯ ಸ್ಟ್ರಾದೊಳಗೆ ಬಿಗಿಯಾಗಿ ಜಾರುತ್ತದೆ. ಅರ್ತಿಂಗಿಗೆ ಬಳಸುವ 8 ಗೇಜಿನ ತಂತಿ 4.06 ಮಿ.ಮೀ. ಮಾತ್ರ, ಅದನ್ನೇ ಹಾಕುವುದಾದರೆ ತಾಮ್ರದ ತಗಡಿನ ಒಂದು ಸುತ್ತು ಹಾಕಿ ಸಡಿಲ ತುಂಬಬೇಕು, ಇಲ್ಲವಾದರೆ ನಡುವಿನ ಗಾಳಿ ಬಿಸಿಯನ್ನು ತಡೆಯುತ್ತದೆ. ಬಿಟ್ ಕಾಯಿಲಿನ ಹಿಂದಿನ ಅಂಚಿನವರೆಗೆ ಮಾತ್ರ ಒಳಗೆ ಹೋಗಬೇಕು, ಅದರಾಚೆ ಹೋದರೆ ತಾಮ್ರ ಬಿಸಿಯನ್ನು ಹಿಡಿಕೆಯ ಕಡೆಗೆ ಒಯ್ಯುತ್ತದೆ. ಹೊರಗೆ 15ರಿಂದ 20 ಮಿ.ಮೀ. ಚಾಚಿದ್ದರೆ ಸಾಕು. ತುದಿಯನ್ನು ಅರದಿಂದ ಉಳಿಯ ಬಾಯಿಯಂತೆ ಎರಡು ಕಡೆ ಇಳಿಜಾರು ಮಾಡಬೇಕು. ಸೂಜಿಯ ಮೊನೆಯಂಥ ತುದಿ ನೋಡಲು ಚೆಂದ, ಆದರೆ ಅದು ಕೆಲಸಕ್ಕೆ ತಾಗುವ ಜಾಗವೇ ಇಷ್ಟಾದ್ದರಿಂದ ಬಿಸಿ ದಾಟುವುದಿಲ್ಲ.

ಬರಿ ತಾಮ್ರದ ಬಿಟ್ ಸವೆಯುತ್ತದೆ. ಕರಗಿದ ತವರ ತಾಮ್ರವನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಕೆಲವು ಗಂಟೆಗಳ ಕೆಲಸದ ನಂತರ ತುದಿಯಲ್ಲಿ ಗುಳಿ ಕಾಣುತ್ತದೆ. ಕಂಪನಿಯ ಬಿಟ್‌ಗಳಿಗೆ ಕಬ್ಬಿಣದ ಲೇಪ ಕೊಡುವುದು ಇದನ್ನು ತಡೆಯಲಿಕ್ಕೆ. ಲೇಪವಿರುವ ಬಿಟ್‌ಗೆ ಅರ ತಾಗಿಸಿದರೆ ಅದು ಅಲ್ಲಿಗೆ ಮುಗಿಯಿತು. ಬರಿ ತಾಮ್ರದ್ದಕ್ಕೆ ಅರ ಹಾಕದಿದ್ದರೆ ಅದು ಕೆಲಸ ಮಾಡುವುದಿಲ್ಲ. ಇನ್ನೊಂದು ತೊಂದರೆ, ಕೊಳವೆಯೊಳಗೆ ತಾಮ್ರದ ಮೇಲೆ ಕಪ್ಪು ಪೊರೆ ಬೆಳೆದು ಬಿಟ್ ಕಚ್ಚಿಕೊಳ್ಳುವುದು. ಆಗಾಗ ಐರನ್ ತಣ್ಣಗಿರುವಾಗ ಬಿಟ್ ಹೊರತೆಗೆದು ಪೊರೆ ಉದುರಿಸಿದರೆ ಹೀಗಾಗುವುದಿಲ್ಲ.

ಹಿಡಿಕೆಗೆ ಮರವನ್ನು ಮೀರಿಸಿದ್ದು ಮನೆಯ ಕಮ್ಮಟದಲ್ಲಿ ಇಲ್ಲ. ಸ್ಟೀಲಿಗೆ ಹೋಲಿಸಿದರೆ ಅದು ದಾಟಿಸುವ ಬಿಸಿ ನೂರನೆಯ ಒಂದು ಪಾಲಿನಷ್ಟು, ಒಣಗಿದ್ದರೆ ಕರೆಂಟಿಗೂ ತಡೆ. ಯಾವ ಮರ ಎಂಬುದಕ್ಕೆ ಈ ಸೀಮೆಯಲ್ಲಿ ಆಯ್ಕೆ ಬೇಕಾದಷ್ಟಿದೆ. ತರೀಕೆರೆಯ ತೋಟಗಳಲ್ಲಿ ಬಿದ್ದ ಅಡಿಕೆ ಮರ ಪುಕ್ಕಟೆ ಸಿಗುತ್ತದೆ. ಅದರ ಹೊರಚಿಪ್ಪು ಗಟ್ಟಿ, ಆದರೆ ನಾರು ಸೀಳಿ ಅಂಗೈಗೆ ಸಿಬಿರು ಚುಚ್ಚುತ್ತದೆ. ಕಡೂರು, ಅಜ್ಜಂಪುರ ಕಡೆಯ ಹಳೆಯ ತೆಂಗಿನ ಮರದ ಹೊರಭಾಗ ಇನ್ನೂ ಗಟ್ಟಿ. ಬಡಗಿಯ ಲೇತಿನಲ್ಲಿ ಕಡೆದರೆ ಕಪ್ಪು ಗೆರೆಗಳ ಒಳ್ಳೆಯ ಹಿಡಿಕೆಯಾಗುತ್ತದೆ, ಆದರೆ ಉಳಿಯ ಅಲಗನ್ನು ಬೇಗ ಮೊಂಡು ಮಾಡುತ್ತದೆ. ಸಾಗುವಾನಿ, ಹೊನ್ನೆ ಕೊರೆಯಲು ಸಲೀಸು. ಲೇತ್ ಇಲ್ಲದವರಿಗೆ ಬಿದಿರೇ ಸರಿ. ಹಗುರ, ಒಳಗೆ ತಾನೇ ಟೊಳ್ಳು, ವೈರು ಹೋಗಲು ದಾರಿ ಕೊರೆಯುವ ಕೆಲಸವೇ ಇಲ್ಲ. ಲಕ್ಕವಳ್ಳಿ ಕಡೆಯ ಭದ್ರಾ ಕಾಡು ಹುಲಿ ಸಂರಕ್ಷಿತ ಪ್ರದೇಶ, ಅಲ್ಲಿ ಬಿದಿರು ಕಡಿಯುವಂತಿಲ್ಲ. ಬುಟ್ಟಿ, ಮೊರ ಹೆಣೆಯುವ ಮೇದರ ಹತ್ತಿರ ಕೇಳಿದರೆ ಒಣಗಿದ ತುಂಡು ಸಿಗುತ್ತದೆ. ಹಸಿ ಬಿದಿರು ಮಾತ್ರ ಬೇಡ, ಬಿಸಿ ತಾಗಿದೊಡನೆ ಉದ್ದಕ್ಕೆ ಸೀಳುತ್ತದೆ. ಇದ್ಯಾವುದೂ ಬೇಡವೆಂದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಕಬ್ಬಿಣದ ಬಳೆ ಹಾಕಿದ ಉಳಿ ಹಿಡಿಕೆ ಸಿದ್ಧವಾಗಿಯೇ ಇರುತ್ತದೆ; ಬಾಯಿ ಸೀಳದಂತೆ ಆ ಬಳೆ ಕಾಯುತ್ತದೆ.

ಉದ್ದ 10ರಿಂದ 11 ಸೆಂ.ಮೀ., ದಪ್ಪ 18ರಿಂದ 22 ಮಿ.ಮೀ. ಇದ್ದರೆ ಪೆನ್ನಿನಂತೆ ಹಿಡಿಯಲು ಅನುಕೂಲ. ಕೊಳವೆ ನೇರವಾಗಿ ಮರಕ್ಕೆ ತಾಗಬಾರದು. ಹಿಡಿಕೆಯ ಬಾಯಿಗೆ ತೂತು ಮಾಡಿದ ದುಂಡು ಸ್ಟೀಲ್ ತಗಡನ್ನು ಎರಡು ಸ್ಕ್ರೂಗಳಿಂದ ಕೂರಿಸಿ, ಕೊಳವೆಗೆ ಅಭ್ರಕ ಸುತ್ತಿ ಅದರ ಮೂಲಕ ಒಳಗೆ ತಳ್ಳಬೇಕು. ತಗಡು ಹಿಡಿಕೆಗಿಂತ 5 ಮಿ.ಮೀ. ಅಗಲವಾಗಿದ್ದರೆ ಬೆರಳು ಮುಂದೆ ಜಾರದಂತೆ ತಡೆಯೂ ಆಯಿತು. ಕಾಯಿಲಿನ ಮೇಲೆ ಅದಕ್ಕೆ ತಾಗದಂತೆ 12 ಮಿ.ಮೀ. ದಪ್ಪದ, ಸಾಲು ತೂತುಗಳಿರುವ ಹೊರಕೊಳವೆಯೊಂದನ್ನು ಇದೇ ತಗಡಿಗೆ ಬಿಗಿಯಬಹುದು. ಕೈ ತಪ್ಪಿ ತಾಗಿದರೂ ಕಾಯಿಲಿಗೆ ಪೆಟ್ಟಾಗುವುದಿಲ್ಲ. ಹಿಡಿಕೆಗೆ ವಾರ್ನಿಷ್ ಬಳಿದರೆ ಕಾದಾಗ ವಾಸನೆ ಬರುತ್ತದೆ. ಅಗಸೆ ಎಣ್ಣೆ ತೆಳುವಾಗಿ ಉಜ್ಜಿ ನಾಲ್ಕಾರು ದಿನ ಒಣಗಿಸಿದರೆ ಮಳೆಗಾಲದ ಥಂಡಿಗೆ ಮರ ಉಬ್ಬುವುದೂ ಕಡಿಮೆ. ಎಣ್ಣೆ ಉಜ್ಜಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯದೆ ಹರಡಿ ಒಣಗಿಸಬೇಕು. ಅಗಸೆ ಎಣ್ಣೆಯ ಬಟ್ಟೆ ಮುದ್ದೆಯಾಗಿದ್ದರೆ ತಾನೇ ಕಾದು ಹೊತ್ತಿಕೊಳ್ಳುವುದುಂಟು.

ವೈರು ಮೆತ್ತಗಿರಬೇಕು. ಬಿರುಸಾದ ವೈರು ಐರನ್ನನ್ನು ಕೈಯಿಂದ ಎಳೆಯುತ್ತದೆ, ಸಣ್ಣ ಕೆಲಸದಲ್ಲಿ ಇದಕ್ಕಿಂತ ಕಿರಿಕಿರಿ ಬೇರಿಲ್ಲ. 0.75 ಚದರ ಮಿ.ಮೀ.ನ ಸಿಲಿಕೋನ್ ವೈರು ಒಂದೂವರೆ ಮೀಟರ್ ಸಾಕು. ಪಿವಿಸಿ ವೈರಿಗೆ ಬಿಸಿ ಬಿಟ್ ತಾಗಿದರೆ ಕರಗುತ್ತದೆ, ಸಿಲಿಕೋನಿಗೆ ಅಷ್ಟು ಬೇಗ ಏನೂ ಆಗುವುದಿಲ್ಲ. ಹಿಡಿಕೆಯೊಳಗೆ ವೈರಿಗೊಂದು ಗಂಟು ಹಾಕಿದರೆ ಎಳೆತ ಹಿತ್ತಾಳೆಯ ಸ್ಕ್ರೂಗಳ ಮೇಲೆ ಬೀಳುವುದಿಲ್ಲ. ವೈರು ಹೊರಬರುವಲ್ಲಿ ಸೈಕಲ್ ಟ್ಯೂಬಿನ ಮೂರು ಸೆಂ.ಮೀ. ತುಂಡನ್ನು ಬಿಗಿಯಾಗಿ ತೊಡಿಸಿದರೆ ಒಂದೇ ಕಡೆ ಮಡಿಸಿ ಮಡಿಸಿ ಎಳೆಗಳು ಕಡಿಯುವುದು ತಪ್ಪುತ್ತದೆ. ಇನ್ನೊಂದು ತುದಿಗೆ ಬ್ಯಾಟರಿ ಕ್ಲಿಪ್ಪು, ಕ್ಲಿಪ್ಪಿಗೆ ಅಂಟಿಕೊಂಡಂತೆ 3 ಆಂಪಿಯರ್ ಫ್ಯೂಸು, ಅದರ ಮುಂದೆ ಸ್ವಿಚ್ಚು. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ, ಕ್ಲಿಪ್ಪಿನ ಕಿಡಿ ಅಲ್ಲಿ ಅಪಾಯ. ಕ್ಲಿಪ್ಪು ಹಾಕಿದ ಮೇಲೆ ಸ್ವಿಚ್ಚು ಒತ್ತುವ ಅಭ್ಯಾಸವಿರಬೇಕು.

ಕರೆಂಟು ಕೊಡುವ ಮೊದಲು ಎರಡು ಪರೀಕ್ಷೆ. ವೈರಿನ ಎರಡು ತುದಿಗಳ ನಡುವೆ 6.5ರಿಂದ 7.5 ಓಮ್ ಬರಬೇಕು; ಹೊಸೆದ ಕಾಲುಗಳದೂ ಇದರಲ್ಲಿ ಸೇರಿರುತ್ತದೆ. ವೈರಿಗೂ ಬಿಟ್‌ಗೂ ನಡುವೆ ಮೀಟರ್ ಏನನ್ನೂ ತೋರಿಸಬಾರದು. ಈ ಎರಡನೆಯ ಪರೀಕ್ಷೆಯನ್ನು ಐರನ್ ಕಾದ ಮೇಲೆ, ಸ್ವಿಚ್ಚು ಆರಿಸಿ ಇನ್ನೊಮ್ಮೆ ಮಾಡಬೇಕು. ತಣ್ಣಗಿದ್ದಾಗ ಸರಿಯಿದ್ದು, ಕಾದಾಗ ತಂತಿ ಹಿಗ್ಗಿ ಅಭ್ರಕದ ಅಂಚಿನಿಂದ ಕೊಳವೆಗೆ ತಾಗುವ ಸಾಧ್ಯತೆಯಿದೆ. ಮೊದಲ ಬಾರಿ ಕಾಯಿಸುವಾಗ ಅರ ಹಾಕಿ ಬೆಳಗಿದ ಬಿಟ್‌ನ ಪಕ್ಕದಲ್ಲೇ ಸೋಲ್ಡರ್ ತಂತಿ ಹಿಡಿದಿರಬೇಕು. ತಾಮ್ರದ ಕೆಂಪು ಕಂದಾಗತೊಡಗುವ ಮುನ್ನವೇ ರಾಳದ ಸಮೇತ ಸೀಸ ಕರಗಿ ತುದಿಯ ಮೇಲೆ ಹರಡಿದರೆ ಬಿಟ್ ಬೆಳ್ಳಗೆ ಹೊಳೆಯುತ್ತದೆ, ಅದೇ ಕಲಾಯಿ. ತಡವಾದರೆ ಕಪ್ಪು ಪೊರೆ ಕೂರುತ್ತದೆ, ಸೀಸ ಗುಂಡಗಾಗಿ ಜಾರಿ ಬೀಳುತ್ತದೆ, ಮತ್ತೆ ತಣಿಸಿ ಅರ ಹಾಕುವುದೇ ಗತಿ. ತವರ 60, ಸೀಸ 40ರ ಸೋಲ್ಡರ್ 183 ಡಿಗ್ರಿಗೆ ಕರಗಲು ಶುರುವಾಗಿ 190ರ ಹೊತ್ತಿಗೆ ಪೂರ್ತಿ ನೀರಾಗುತ್ತದೆ. ಸೀಸವಿಲ್ಲದ ಸೋಲ್ಡರಿಗೆ 217ರಿಂದ 227 ಡಿಗ್ರಿ ಬೇಕು. ಅರ್ಧ ಗಂಟೆ ಕಾದ ಮೇಲೂ ಹಿಡಿಕೆಯನ್ನು ಆರಾಮವಾಗಿ ಹಿಡಿಯುವಂತಿರಬೇಕು. ಚುರುಕೆನಿಸಿದರೆ ಕೊಳವೆ ಮರಕ್ಕೆ ತಾಗಿದೆ, ಇಲ್ಲವೇ ಬಿಟ್ ಹೆಚ್ಚು ಒಳಗೆ ಹೋಗಿದೆ.

ಟ್ರ್ಯಾಕ್ಟರ್ ಓಡುತ್ತಿರುವಾಗ ಬ್ಯಾಟರಿ 12 ವೋಲ್ಟಿನಲ್ಲಿರುವುದಿಲ್ಲ, 14.4ರ ತನಕ ಏರುತ್ತದೆ. ಆಗ 25 ವಾಟಿನ ಐರನ್ 36 ವಾಟ್ ಎಳೆಯುತ್ತದೆ, ರಾಳ ಸುಟ್ಟು ಕಪ್ಪಾಗುತ್ತದೆ. ಎಂಜಿನ್ ನಿಲ್ಲಿಸಿ ಕೆಲಸ ಮಾಡುವುದೇ ಇದಕ್ಕೆ ಉಪಾಯ. ಡಿಸಿ ಮೋಟರಿನ ವೇಗ ತಗ್ಗಿಸುವ ಸಣ್ಣ ಬೋರ್ಡನ್ನು ನಡುವೆ ಹಾಕಿದರೆ ಬಿಸಿಯನ್ನು ಬೇಕಾದಂತೆ ತಿರುಗಿಸಿಕೊಳ್ಳಲೂಬಹುದು.

ಕೊಳವೆಬಾವಿಯ ಸಬ್‌ಮರ್ಸಿಬಲ್ ಮೋಟರಿನ ಕೇಬಲ್ ಜಾಯಿಂಟಿಗೆ 25 ವಾಟ್ ಸಾಲದು. 4 ಚದರ ಮಿ.ಮೀ. ತಾಮ್ರದ ಎಳೆಗಳು ಸಣ್ಣ ಬಿಟ್‌ನ ಬಿಸಿಯನ್ನು ಎಳೆದುಕೊಂಡು ಕೇಬಲ್ ಉದ್ದಕ್ಕೂ ಹಂಚಿಬಿಡುತ್ತವೆ. ಸೀಸ ಮೇಲೆ ಗುಂಡಗೆ ಕೂರುತ್ತದೆಯೇ ಹೊರತು ಎಳೆಗಳ ನಡುವೆ ಇಳಿಯುವುದಿಲ್ಲ. ಹೊರಗಿನಿಂದ ಗಟ್ಟಿ ಕಾಣುವ ಇಂಥ ಜಾಯಿಂಟು ನೂರಾರು ಅಡಿ ಕೆಳಗೆ ನೀರಿನೊಳಗೆ ಕಾದು ಕೈಕೊಟ್ಟರೆ ಇಡೀ ಪೈಪಿನ ಸಾಲನ್ನು ಮೇಲೆತ್ತಬೇಕು. ಇದಕ್ಕೆಂದೇ 60 ವಾಟಿನ ಎರಡನೆಯ ಐರನ್ ಬೇಕು. ಇಲ್ಲಿ ಒಲೆಯ ಕಾಯಿಲಿನ ದಪ್ಪ ತಂತಿ ಸರಿಯಾಗಿ ಒದಗುತ್ತದೆ: 2.4 ಓಮ್, ಅಂದರೆ 1,000 ವಾಟಿನ ಕಾಯಿಲಿನ ಇಪ್ಪತ್ತೆರಡನೆಯ ಒಂದು ಪಾಲು. ಬಿಟ್‌ಗೆ 10 ಮಿ.ಮೀ. ತಾಮ್ರದ ಸರಳು, ಕೊಳವೆಯೂ ಹಿಡಿಕೆಯೂ ಅದಕ್ಕೆ ತಕ್ಕಂತೆ ದಪ್ಪ, ಫ್ಯೂಸು 7.5 ಆಂಪಿಯರಿನದು. 5 ಆಂಪಿಯರ್ ಹರಿಯುವುದರಿಂದ ವೈರಿನ ವಿಷಯದಲ್ಲಿ ಜಿಪುಣತನ ಸಲ್ಲದು. ಬ್ಯಾಟರಿಯಿಂದ 4 ಮೀಟರ್ ದೂರಕ್ಕೆ 0.75ರ ವೈರು ಎಳೆದರೆ 60 ವಾಟಿನಲ್ಲಿ ಬಿಟ್‌ಗೆ ತಲಪುವುದು 51 ಮಾತ್ರ; 1.5 ಚದರ ಮಿ.ಮೀ. ವೈರು ಹಾಕಿದರೆ 55.

ಕರೆಂಟಿನ ಐರನ್ ಬರುವ ಮೊದಲು ದಪ್ಪ ಕೆಲಸವನ್ನೆಲ್ಲ ಇದ್ದಿಲ ಒಲೆಯಲ್ಲಿ ಕಾಯಿಸಿದ ತಾಮ್ರದ ಗಟ್ಟಿಯೇ ಮಾಡುತ್ತಿತ್ತು. ತಗಡಿನ ಡಬ್ಬ, ಲಾಟೀನು ಬೆಸೆಯುವವರು ಅದನ್ನು ನವಸಾಗರದ ಮೇಲೆ ಉಜ್ಜಿ, ಸೀಸ ಹಿಡಿಸಿ ಬಳಸುತ್ತಿದ್ದರು. ಕರೆಂಟಿನ ಐರನ್ನನ್ನು ಕಾರ್ಖಾನೆಗಳಿಗೆ ತಂದವರಲ್ಲಿ ಜರ್ಮನಿಯ ಅರ್ನ್ಸ್ಟ್ ಸಾಕ್ಸ್ ಒಬ್ಬರು. ಅವರ ಎರ್ಸಾ ಕಂಪನಿ 1921ರಲ್ಲಿ ಶುರುವಾಯಿತು. ಇದ್ದಿಲ ಕಾಲದ ಸಾಧನದಲ್ಲೂ ತಾಮ್ರದ ಗಟ್ಟಿ, ಅದರ ಹಿಂದೆ ಉದ್ದನೆಯ ಸಣ್ಣ ಕಬ್ಬಿಣದ ಸರಳು, ಕೊನೆಗೆ ಮರದ ಹಿಡಿ ಇತ್ತು. ಬಿಸಿ ಎಲ್ಲಿರಬೇಕು, ಎಲ್ಲಿ ನಿಲ್ಲಬೇಕು ಎಂಬ ಲೆಕ್ಕ ಆ ಬೆಸೆಯುವವರಿಗೆ ಕೈಯಲ್ಲೇ ಗೊತ್ತಿತ್ತು. ತಗಡಿಗೆ ಬಳಸುವ ನವಸಾಗರವನ್ನೂ ಆಸಿಡ್ಡನ್ನೂ ವೈರಿಗೆ, ಬೋರ್ಡಿಗೆ ಮಾತ್ರ ತಾಗಿಸಬಾರದು. ಉಳಿದ ಅಂಶ ತೇವ ಹೀರಿ ತಾಮ್ರವನ್ನು ಹಸಿರುಗಟ್ಟಿಸಿ ತಿನ್ನುತ್ತದೆ. ಅಲ್ಲಿಗೆ ರಾಳವೇ ಸರಿ.

ಮೊಬೈಲ್, ಎಲ್ಇಡಿ ಬಲ್ಬಿನ ಬೋರ್ಡಿನಂಥ ನಾಜೂಕು ಕೆಲಸಕ್ಕೆ ನಿಕ್ರೋಮ್ ಸುತ್ತುವ ದಾರಿ ಬಿಟ್ಟು ಟಿ12 ಬಿಟ್ ತರುವುದು ಒಳ್ಳೆಯದು. ಜಪಾನಿನ ಹಕ್ಕೊ ಕಂಪನಿ ರೂಪಿಸಿದ ಇದರಲ್ಲಿ ಕಾಯಿಲೂ ಬಿಸಿ ಅಳೆಯುವ ಥರ್ಮೋಕಪಲ್ಲೂ ಬಿಟ್‌ನ ಒಳಗೇ ಸೇರಿವೆ. ಪ್ರತಿರೋಧ ಸುಮಾರು 8 ಓಮ್. ಹಳೆಯ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರಿನಲ್ಲಿ 45 ವಾಟ್, 24 ವೋಲ್ಟಿನಲ್ಲಿ 72 ವಾಟ್ ಕೊಡುತ್ತದೆ, ಕೆಲವೇ ಸೆಕೆಂಡಿನಲ್ಲಿ ಕಾಯುತ್ತದೆ. ಅಡಾಪ್ಟರಿಗೆ ನೇರವಾಗಿ ಸಿಕ್ಕಿಸಿದರೆ ಬಿಟ್ ಕೆಂಪಾಗಿ ಸುಟ್ಟುಹೋಗುತ್ತದೆ, ನಡುವೆ ಕಂಟ್ರೋಲರ್ ಬೋರ್ಡು ಇರಲೇಬೇಕು. ಕಾಯಿಲಿಗೂ ಥರ್ಮೋಕಪಲ್ಲಿಗೂ ಅವೇ ಎರಡು ವೈರುಗಳಿರುವುದರಿಂದ ಬೋರ್ಡು ಕ್ಷಣ ಕ್ಷಣಕ್ಕೆ ಕರೆಂಟು ನಿಲ್ಲಿಸಿ ಬಿಸಿ ಅಳೆಯುತ್ತದೆ. ಆ ಅಳತೆ ವೋಲ್ಟಿನ ಸಾವಿರದ ಪಾಲುಗಳಲ್ಲಿರುತ್ತದೆ, ಹಿಡಿಕೆಯೊಳಗಿನ ಕಾಂಟ್ಯಾಕ್ಟ್ ಸಡಿಲವಾದರೆ ಬೋರ್ಡು ಸುಳ್ಳು ಬಿಸಿ ತೋರಿಸುತ್ತದೆ. ಹಾಗಾಗಿ ಟಿ12ಕ್ಕೆ ಮನೆಯಲ್ಲಿ ಮಾಡಬೇಕಾದದ್ದು ಹಿಡಿಕೆ ಮತ್ತು ಒಳಗಿನ ಮೂರು ಕಾಂಟ್ಯಾಕ್ಟುಗಳಷ್ಟೆ: ಎರಡು ಕಾಯಿಲಿಗೆ, ಒಂದು ಲೋಹದ ಮೈಯಿಂದ ಅರ್ತಿಗೆ. ಬಾಗಿಸಿದರೂ ಮತ್ತೆ ತನ್ನ ಆಕಾರಕ್ಕೆ ಮರಳುವ ಹಿತ್ತಾಳೆ ಪಟ್ಟಿಯಿಂದ ಇವನ್ನು ಮಾಡಬೇಕು, ಬಿಟ್ ತುರುಕಿದಾಗ ಗಟ್ಟಿಯಾಗಿ ಅಪ್ಪಿಕೊಳ್ಳುವಂತಿರಬೇಕು. ಹಿಡಿಕೆಯನ್ನು ತ್ರೀಡಿ ಪ್ರಿಂಟರಿನಲ್ಲಿ ಮಾಡಿಸುವುದಾದರೆ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿಗೇ ಮೆತ್ತಗಾಗುತ್ತದೆ. ಇಲ್ಲೂ ಒಣ ಮರ ಅಥವಾ ಬಿದಿರಿನ ಹಿಡಿಕೆಯೇ ಹೆಚ್ಚು ಕಾಲ ಬಾಳುತ್ತದೆ.